ಪ್ಲಾಸ್ಟರ್ ಬಿಚ್ಚುವವರೆಗೆ

ಜನವರಿ 6, ಸೋಮವಾರ

ಇದು ರಾಮನಾಮ ಬರೆಯಲೆಂದು ತಂದ ಪುಸ್ತಕ. ದೇವರು ತಪ್ಪು ತಿಳಿಯಬಾರದು. ಯಾರ ಹತ್ತಿರವೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ. ಹಿಂದಿನ ಪುಟದಿಂದ ಬರೆಯುತ್ತೇನೆ, ಮುಂದಿನ ಪುಟಗಳು ರಾಮನಿಗೇ ಇರಲಿ.

ಇವತ್ತು ಮೆಲ್ಕಾರಿಗೆ ಬಾಡಿಗೆ ಮನೆಗೆ ಬಂದೆವು, ನಾನು ಮತ್ತು ಲತೇಶನ ಹೆಂಡತಿ. ಶನಿವಾರ ಬಿ.ಸಿ. ರೋಡಿನ ಎಲುಬಿನ ಡಾಕ್ಟರು ಅವಳ ಬಲಗೈಗೆ ಪ್ಲಾಸ್ಟರ್ ಹಾಕಿದರು. ಆರು ವಾರ ಬಿಚ್ಚಲಿಕ್ಕಿಲ್ಲ. ಹೇಗಾಯಿತು ಎಂದು ಕೇಳಿದ್ದಕ್ಕೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು ಎಂದೆ. ಅವಳು ನೆಲ ನೋಡುತ್ತಿದ್ದಳು.

ಆದದ್ದು ಇಷ್ಟು. ನನ್ನ ಮಗ ಮೊಬೈಲ್ ಕೇಳಿದ, ಇವಳು ಕೊಡಲಿಲ್ಲ, ಅವನು ಕೈ ತಿರುಚಿದ. ಕೊಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಇವಳಿಗೂ ಹಟ ಉಂಟು. ಆದರೆ ಈ ಕೈ ಇಟ್ಟುಕೊಂಡು ಅವನ ಕಣ್ಣೆದುರು ಇರುವುದು ಬೇಡ ಎಂದು ನನಗೆ ಕಂಡಿತು. ಇವಳ ತವರಿನಲ್ಲಿ ಅಣ್ಣ ಅತ್ತಿಗೆಯದೇ ಕಾರುಬಾರು, "ಗಂಡನ ಮನೆಯವರೇ ನೋಡಿಕೊಳ್ಳಲಿ" ಎಂದರು. ಎರಡು ದಿನ ಸಿದ್ಧಕಟ್ಟೆಯಲ್ಲಿ ನನ್ನ ಶಾಲೆಯ ಗೆಳತಿ ಸೇಸಮ್ಮನ ಮನೆಯಲ್ಲಿದ್ದೆವು. ಈ ಮನೆ ಹುಡುಕಿಕೊಟ್ಟದ್ದೂ ಅವಳೇ. ಬ್ಯಾರಿ ಮುಸ್ಲಿಮರ ಕಟ್ಟಡ. "ವೇಣೂರಿನಿಂದ ಬಂದು ನಿನ್ನ ಮಗ ಎಲ್ಲಿ ಹುಡುಕಿದರೂ ಇಲ್ಲಿ ಮಾತ್ರ ಹುಡುಕುವುದಿಲ್ಲ" ಎಂದಳು. ಬೀಡಿ ಕಟ್ಟಿದ ಪಿಎಫ್ ಹಣ ನನ್ನ ಹೆಸರಿನಲ್ಲಿ ಉಂಟು, ಬಾಡಿಗೆಗೆ ಯಾರನ್ನೂ ಕೇಳಬೇಕಾಗಿಲ್ಲ.

ಮನೆಯ ಯಜಮಾನಿ ಆಯಿಶಮ್ಮ ಕೆಳಗಿನ ಮನೆಯಲ್ಲೇ ಇರುವುದು. ಅರುವತ್ತು ದಾಟಿದವರು. ಮೆಟ್ಟಿಲು ಹತ್ತುವಾಗಲೇ ಶರತ್ತು ಶುರು ಮಾಡಿದರು.

"ಕರೆಂಟು, ನೀರು, ಬಟ್ಟೆ ಒಗೆಯುವ ಮೆಷಿನ್ ಎಲ್ಲಾ ಬಾಡಿಗೆಯೊಳಗೇ ಬಂತು. ಬೇರೆ ಏನೂ ಕೇಳುವುದಿಲ್ಲ. ಆದರೆ ಮೆಷಿನಿಗೆ ದಿನ ಉಂಟು. ನಿಮ್ಮದು ಸೋಮವಾರ, ಗುರುವಾರ. ಬೇರೆಯವರ ದಿನ ಹಾಕಿದರೆ ತೆಗೆದು ಹೊರಗೆ ಬಿಸಾಡ್ತೇನೆ, ಒದ್ದೆಯಾ ಒಣಗಿದ್ದಾ ನೋಡುವುದಿಲ್ಲ."

"ಆಗಬಹುದು" ಎಂದೆ.

"ಗಂಡಸರು ಯಾರು?"

ಇವರ ಹೆಸರು ನಾನು ಬಾಯಲ್ಲಿ ಹೇಳುವುದಿಲ್ಲ. ಅವರ ಕಾಗದದಲ್ಲೇ ಶೀನಪ್ಪ ಎಂದು ಬರೆದುಕೊಟ್ಟೆ. ಊರಿನಲ್ಲಿ ತೋಟ ಉಂಟು, ಬಂದು ಹೋಗುತ್ತಾರೆ ಎಂದೆ. ಮೂರು ದಿನದಲ್ಲಿ ಎರಡನೇ ಸುಳ್ಳು.

ಪ್ಲಾಸ್ಟರ್ ಬಿಚ್ಚಿದ ಕೂಡಲೇ ಕರೆದುಕೊಂಡು ಹೋಗುವುದು. ಅಷ್ಟರಲ್ಲಿ ಅವನಿಗೂ ಬುದ್ಧಿ ಬರಬಹುದು.

ಜನವರಿ 9, ಗುರುವಾರ

ಮೆಷಿನ್ ಇರುವುದು ತಾರಸಿಯ ಮೇಲೆ, ಶೀಟಿನ ಅಡಿಯಲ್ಲಿ. ಅಲ್ಲೇ ಕೂತು ಬರೆಯುತ್ತಿದ್ದೇನೆ. ಅದು ನಿಲ್ಲಲಿಕ್ಕೆ ಮುಕ್ಕಾಲು ಗಂಟೆ ಬೇಕು. ಸುಮ್ಮನೆ ಕೂತುಕೊಳ್ಳುವ ಮುಕ್ಕಾಲು ಗಂಟೆ ನನಗೆ ಯಾವಾಗ ಸಿಕ್ಕಿತ್ತೋ ನೆನಪಿಲ್ಲ.

ಪೂಜೆಗೆ ಉಡುವ ಸೀರೆ ಅದಕ್ಕೆ ಹಾಕಲಿಲ್ಲ. ಯಾರ್ಯಾರ ಬಟ್ಟೆ ತಿರುಗಿದ ಮೆಷಿನೋ. ಅದನ್ನು ಬಚ್ಚಲಲ್ಲಿ ಬೇರೆ ಒಗೆದು ಕೋಣೆಯೊಳಗೇ ಒಣಗಿಸಿದೆ. ಲತೇಶನ ಹೆಂಡತಿ ಎಡಗೈಯಲ್ಲಿ ಗುಂಡಿ ಒತ್ತಿ ತೋರಿಸಿದಳು. ನಾನು ಹೊಡೆದ ಹಾಗೆ ಒತ್ತಿದೆ.

"ಮೆಲ್ಲ ಮಾಮಿ, ಅದಕ್ಕೂ ನೋವಾಗ್ತದೆ" ಎಂದು ನಕ್ಕಳು. ಅತ್ತೆಗೆ ನಮ್ಮಲ್ಲಿ ಮಾಮಿ ಎನ್ನುವುದು. ನಾಲ್ಕು ವರ್ಷದಲ್ಲಿ ಇವಳ ನಗು ನಾನು ಕೇಳಿದ್ದೇ ಕಡಿಮೆ. ಆ ಮಾತಿಗೆ ಮಾತ್ರ ನನಗೆ ನಗಲಿಕ್ಕಾಗಲಿಲ್ಲ.

ಜನವರಿ 14, ಮಂಗಳವಾರ

ಮಕರ ಸಂಕ್ರಮಣ. ಮನೆಯಲ್ಲಿ ನಮ್ಮ ದೈವ ಜುಮಾದಿಗೆ ದೀಪ ಇಟ್ಟರೋ ಇಲ್ಲವೋ ಎಂಬುದೇ ಯೋಚನೆ. ಇವರು ಫೋನ್ ಮಾಡಿದರು. ಎಲ್ಲಿದ್ದೀರಿ ಎಂದು ಕೇಳಿದರು, ಹೇಳಲಿಲ್ಲ.

"ಅವ ಸರಿಯಾಗಿ ಊಟ ಮಾಡುವುದಿಲ್ಲ. ಪಿಕಪ್ ಗಾಡಿಯ ಬಾಡಿಗೆಗೂ ಹೋಗುವುದಿಲ್ಲ. ನೀನು ಅವನನ್ನು ಹೆತ್ತವಳಾ, ಅಲ್ಲ ಅವಳನ್ನು ಹೆತ್ತವಳಾ?" ಎಂದರು.

ಫೋನ್ ಇಟ್ಟು ದೀಪ ಹಚ್ಚಿದೆ. ಗಂಡನಿಗೆ ಒಳ್ಳೆಯ ಬುದ್ಧಿ ಕೊಡು ಎಂದು ಬೇಡಿಕೋ ಮಾರಾಯ್ತಿ ಎಂದು ಲತೇಶನ ಹೆಂಡತಿಯನ್ನು ದೀಪದೆದುರು ಕರೆದೆ. "ನಾನು ಬೇಡಿ ಮುಗಿಸಿದ್ದೇನೆ ಮಾಮಿ. ಇನ್ನು ನೀವು ಬೇಡಿ" ಎಂದಳು.

ಬಾಯಿ ಸ್ವಲ್ಪ ಜಾಸ್ತಿಯೇ.

ಜನವರಿ 20, ಸೋಮವಾರ

ಬಟ್ಟೆ ಹಗ್ಗಕ್ಕೆ ಹರಗುತ್ತಿದ್ದೆ, ಆಯಿಶಮ್ಮ ಹಪ್ಪಳ ಒಣಗಿಸಲು ಬಂದರು. ಹಗ್ಗದ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು.

"ಸರಸಕ್ಕ, ಎರಡು ವಾರವಾಯಿತು. ನಿಮ್ಮ ಹಗ್ಗದಲ್ಲಿ ಬರೀ ಸೀರೆ, ಬರೀ ನೈಟಿ."

"ಇವರು ಬರಲಿಲ್ಲ. ತೋಟದ ಕೆಲಸ."

"ಬಂದರಾ ಅಂತ ನಾನು ಕೇಳಲಿಲ್ಲ." ಹಪ್ಪಳ ಒಂದೊಂದೇ ಇಡುತ್ತಾ ಹೇಳಿದರು. "ಎದುರಿನ ಕಟ್ಟಡದಲ್ಲಿ ಕಾಲೇಜಿನ ಹುಡುಗರಿದ್ದಾರೆ, ಕೆಳಗೆ ಟಯರ್ ಅಂಗಡಿ ಉಂಟು. ಜನ ಮನೆಯೊಳಗೆ ನೋಡುವುದಿಲ್ಲ, ಹಗ್ಗ ನೋಡುವುದು. ನಮ್ಮವರು ಸೌದಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದರಲ್ಲ, ಅಷ್ಟೂ ವರ್ಷ ವಾರಕ್ಕೊಮ್ಮೆ ಅವರ ಒಂದು ಅಂಗಿ ಒಂದು ಲುಂಗಿ ಒದ್ದೆ ಮಾಡಿ ಹರಗಿದ್ದೇನೆ. ಉಡದೆಯೇ ಮೂರು ಲುಂಗಿ ಹರಿದುಹೋಯಿತು!"

ಜೋರಾಗಿ ನಕ್ಕರು. ಆಮೇಲೆ ನನ್ನ ಪಕ್ಕ ನಿಂತಿದ್ದ ಸೊಸೆ ದೀಕ್ಷಿತಾಳ ಪ್ಲಾಸ್ಟರಿನ ಕಡೆ ನೋಡಿ ನಗು ನಿಲ್ಲಿಸಿದರು. ಖಾಲಿ ಮೊರ ಎತ್ತಿಕೊಂಡು ಇಳಿದರು. ಎಲ್ಲ ಗೊತ್ತುಂಟು ಇವರಿಗೆ.

ಗಂಡಸರ ಬಟ್ಟೆ ಎಲ್ಲಿಂದ ತರುವುದು? ಚೀಲದಲ್ಲಿ ಒಂದಿತ್ತು. ಆ ದಿನ ಅವಸರದಲ್ಲಿ ಅವಳ ಕೈಯನ್ನು ಕುತ್ತಿಗೆಗೆ ಕಟ್ಟಿದ್ದು ಲತೇಶನ ಕಬಡ್ಡಿ ಟೀಶರ್ಟಿನಿಂದ. ಹಳದಿ ಬಣ್ಣ, ಬೆನ್ನಲ್ಲಿ ದೊಡ್ಡ ಏಳು. ಅದನ್ನು ಮೆಷಿನಿಗೆ ಹಾಕಿ, ರಸ್ತೆಯ ಕಡೆಯ ಹಗ್ಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹರಗಿದೆ.

ಜನವರಿ 23, ಗುರುವಾರ

ಇವತ್ತೂ ಹರಗಿದೆ. ಎದುರಿನ ಹುಡುಗರು ಈ ಕಡೆ ನಿಲ್ಲುವುದು ಬಿಟ್ಟಿದ್ದಾರೆ. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲವಲ್ಲ, ಇದು ಸುಳ್ಳಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಂದರೆ ಮೂರನೆಯದು.

ಮೊನ್ನೆಯಿಂದ ದೀಕ್ಷಿತಾ ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳೆ. ಯಾಕೆ ಎಂದರೆ ಕೆಳಗಿನ ಮೆಡಿಕಲ್ ಶಾಪಿಗೆ ಜನ ಬೇಕಂತೆ, ಬಿಲ್ಲು ಬರೆಯಬೇಕಂತೆ. "ಇರುವುದು ಇನ್ನು ಮೂರು ವಾರ, ಕೆಲಸ ಯಾಕೆ?" ಎಂದೆ. ಪುಟ ತಿರುಗಿಸಿ ಮತ್ತೆ ಬರೆಯತೊಡಗಿದಳು. ಅಕ್ಷರ ಮಾತ್ರ ನನ್ನದಕ್ಕಿಂತ ಚಂದ ಉಂಟು.

ಜನವರಿ 27, ಸೋಮವಾರ

ಗೊತ್ತಾಯಿತು ಅವನಿಗೆ.

ಜನವರಿ 28, ಮಂಗಳವಾರ

ನಿನ್ನೆ ಒಂದೇ ಸಾಲು ಬರೆದು ಪುಸ್ತಕ ಮುಚ್ಚಿದ್ದೆ.

ಬಟ್ಟೆ ಹರಗಿ ಕೆಳಗೆ ಬಂದಿದ್ದೆನಷ್ಟೆ. ರಸ್ತೆಯಲ್ಲಿ ಪಿಕಪ್ಪಿನ ಹಾರ್ನ್ ಕೇಳಿತು. ಅವನ ಹಾರ್ನ್ ನನಗೆ ಗೊತ್ತು, ಊರಿನ ತಿರುವಿನಲ್ಲಿ ಕೇಳಿದರೆ ನೀರು ಬಿಸಿಗಿಡುತ್ತಿದ್ದೆ. ದೀಕ್ಷಿತಾ ಕೂತಲ್ಲಿಂದಲೇ ಗೋಡೆಗೆ ಒತ್ತಿಕೊಂಡಳು. ನನ್ನ ಫೋನ್ ಬಂತು.

"ಅಮ್ಮ, ನನ್ನ ಅಂಗಿ ನಿಮ್ಮ ಹಗ್ಗದಲ್ಲಿ ಉಂಟು."

ಅಷ್ಟೇ ಹೇಳಿದ. ಸಿಟ್ಟಿಲ್ಲ, ಏರಿದ ಧ್ವನಿ ಇಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಅವನ ಟೀಮಿನ ಉಜ್ವಲ್ ಬೈಕಿನಲ್ಲಿ ಮಂಗಳೂರಿಗೆ ಹೋಗುವಾಗ ನೋಡಿದ್ದಂತೆ. ಆ ಅಂಗಿ ಇರುವುದೇ ಹನ್ನೆರಡು, ಏಳು ನಂಬ್ರ ಒಂದೇ. ಮರೆಯಾಗಿ ಇರಲು ಬಂದವಳು ನಾನೇ ಬಾವುಟ ಹಾರಿಸಿದ ಹಾಗಾಯಿತು. ದೀಕ್ಷಿತಾಳ ಮುಖ ನೋಡಲಾಗಲಿಲ್ಲ. ಅವಳು ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಜನವರಿ 30, ಗುರುವಾರ

ದಿನಾ ಹತ್ತೂವರೆಗೆ ಬರುತ್ತಾನೆ. ಟಯರ್ ಅಂಗಡಿಯ ಪಕ್ಕ ನಿಲ್ಲಿಸಿ ಒಂದು ಗಂಟೆ ಇದ್ದು ಹೋಗುತ್ತಾನೆ. ಮೇಲೆ ಬರುವುದಿಲ್ಲ. ಸೀಟಿನಲ್ಲಿ ಕೂತು ಕಿಟಕಿ ನೋಡುತ್ತಾನೆ. ಸೊರಗಿದ್ದಾನೆ. ಕೆಳಗೆ ಹೋಗಿ ಒಂದು ಲೋಟ ಗಂಜಿನೀರು ಕೊಡುವ ಎಂದು ಎರಡು ಸಲ ಮೆಟ್ಟಿಲವರೆಗೆ ಹೋದೆ. ಎರಡು ಸಲವೂ ಹಿಂದೆ ನೋಡಿದರೆ ದೀಕ್ಷಿತಾ ಬಚ್ಚಲಿನ ಬಾಗಿಲು ಹಾಕಿಕೊಂಡಿದ್ದಳು.

ತಾರಸಿಗೆ ಹೋಗಲು ಅವಳಿಗೆ ಹೆದರಿಕೆ. ಒಬ್ಬಳೇ ಕೋಣೆಯಲ್ಲಿರಲೂ ಹೆದರಿಕೆ. ಅವಳನ್ನು ಬಿಟ್ಟು ಬಚ್ಚಲಲ್ಲಿ ಸೀರೆ ತಿಕ್ಕುತ್ತಾ ಕೂರುವಂತಿಲ್ಲ. ಎಲ್ಲ ಒಟ್ಟಿಗೆ ಮೆಷಿನಿಗೆ ತುಂಬಿಸಿ ಇಳಿದುಬಂದೆ, ಅವನು ಹೋದ ಮೇಲೆ ಹತ್ತಿ ಹರಗಿದೆ.

ಫೆಬ್ರವರಿ 2, ಆದಿತ್ಯವಾರ

ದೇವರು ಕಣ್ಣು ಬಿಟ್ಟ. ಇವರು ಫೋನ್ ಮಾಡಿದರು. ಲತೇಶ ಒಪ್ಪಿದ್ದಾನೆ. ಹನ್ನೆರಡನೇ ತಾರೀಕು ಕುಂಭ ಸಂಕ್ರಮಣ, ಮನೆಯಲ್ಲಿ ಜುಮಾದಿಗೆ ತಂಬಿಲ, ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವ ಪೂಜೆ. ಆ ದಿನ ಕುಟುಂಬದವರೆಲ್ಲರ ಎದುರು ತೆಂಗಿನಕಾಯಿ ಮುಟ್ಟಿ ಪ್ರಮಾಣ ಮಾಡುತ್ತಾನಂತೆ, ಇನ್ನು ಹೆಂಡತಿಯ ಮೇಲೆ ಕೈ ಮಾಡುವುದಿಲ್ಲ ಎಂದು.

"ಇದಕ್ಕಿಂತ ಹೆಚ್ಚು ಏನು ಬೇಕು ನಿನಗೆ? ಕೋರ್ಟಾ?" ಎಂದರು.

ಏನೂ ಬೇಡ. ದೈವದೆದುರು ಆಡಿದ ಮಾತಿಗಿಂತ ದೊಡ್ಡದು ನಮಗೆ ಯಾವುದುಂಟು? ನನ್ನ ಅಜ್ಜನ ಕಾಲದಲ್ಲಿ ಜಾಗದ ಗಡಿಗೆ ಸುಳ್ಳು ಪ್ರಮಾಣ ಮಾಡಿದವನ ಮನೆಯಲ್ಲಿ ಈಗ ದೀಪ ಇಡಲು ಜನವಿಲ್ಲ. ಲತೇಶನಿಗೂ ಅದು ಗೊತ್ತುಂಟು. ಕಣ್ಣೀರು ಬಂತು. ಪ್ಲಾಸ್ಟರಿನ ಆರು ವಾರಕ್ಕೆ ಎರಡು ಮೂರು ದಿನ ಕಡಿಮೆ, ಊರಿನಿಂದಲೇ ಬಂದು ಬಿಚ್ಚಿಸಿದರಾಯಿತು.

ಫೆಬ್ರವರಿ 3, ಸೋಮವಾರ

ಹನ್ನೊಂದನೇ ತಾರೀಕಿಗೆ ಮನೆ ಬಿಡುತ್ತೇವೆಂದು ಆಯಿಶಮ್ಮನಿಗೆ ಹೇಳಿದೆ. ಕಾರಣವನ್ನೂ ಹೇಳಿದೆ, ಇನ್ನು ಮುಚ್ಚಿಟ್ಟು ಏನು.

"ನಿಮ್ಮ ದೈವದ ವಿಷಯ ನನಗೆ ಗೊತ್ತಿಲ್ಲ" ಎಂದರು. "ಹುಡುಗಿ ಏನು ಹೇಳ್ತಾಳೆ?"

"ಅವಳು ಹೇಳುವುದೇನು, ಸಂತೋಷವೇ."

ಮೇಲೆ ಬಂದು ನೋಡಿದರೆ ದೀಕ್ಷಿತಾ ಒಂದೇ ಕೈಯಲ್ಲಿ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಎಡಗೈಯಲ್ಲಿ ಬರೆದ ಪುಸ್ತಕ ಕಸದ ಬುಟ್ಟಿಯಲ್ಲಿತ್ತು.

ಇವತ್ತು ಪಿಕಪ್ ಬರಲಿಲ್ಲ.

ಫೆಬ್ರವರಿ 6, ಗುರುವಾರ

ಮೆಷಿನ್ ತಿರುಗುತ್ತಾ ಉಂಟು. ಇವತ್ತು ದೀಕ್ಷಿತಾಳೂ ತಾರಸಿಗೆ ಬಂದಳು. ಕೆಳಗೆ ಗಾಡಿ ಇಲ್ಲವಲ್ಲ.

ತಂಬಿಲಕ್ಕೆ ಏನೆಲ್ಲ ತೆಗೆದುಕೊಂಡು ಹೋಗಬೇಕು, ಬಾಳೆಎಲೆ ಇವರು ತಂದಿಡುತ್ತಾರೋ ಇಲ್ಲವೋ ಎಂದು ನಾನೇ ಮಾತಾಡುತ್ತಿದ್ದೆ. ಅವಳು ನಡುವೆ ಕೇಳಿದಳು.

"ಮಾಮಿ, ಒಮ್ಮೆ ಪ್ರಮಾಣ ಮಾಡಿದ್ದನ್ನು ಇನ್ನೊಮ್ಮೆ ಮಾಡಬಹುದಾ?"

"ಅಂದರೆ?"

"ಆಚೆ ವರ್ಷ ಆಟಿ ತಿಂಗಳ ಮಳೆಯಲ್ಲಿ. ನೀವು ವೇಣೂರು ಪೇಟೆಗೆ ಹೋಗಿದ್ದ ದಿನ. ಮೊದಲ ಸಲ ಹೊಡೆದದ್ದು ಆವಾಗ. ಆಮೇಲೆ ಅವರೇ ಅತ್ತರು. ನನ್ನ ಕೈ ಹಿಡಿದು ದೈವದ ಕೋಣೆಗೆ ಕರೆದುಕೊಂಡು ಹೋಗಿ, ದೀಪ ಹಚ್ಚಿ, ಮಣೆ ಮುಟ್ಟಿ ಹೇಳಿದರು. ಇನ್ನು ಮಾಡಿದರೆ ಜುಮಾದಿ ನೋಡಲಿ ಅಂತ. ನಾನು ನಂಬಿದೆ. ಮತ್ತೆ ಚೌತಿಗೆ ಹೊಡೆದರು."

ಮೆಷಿನ್ ನೀರು ಬಿಟ್ಟಿತು. ನಾನು ಕಾಲು ತೆಗೆಯಲಿಲ್ಲ, ಸೀರೆಯೆಲ್ಲ ಒದ್ದೆ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಬೇಕಾ ಮಾಮಿ? ನಮ್ಮ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ."

ಹೌದು. ಒಂದೇ ಗೋಡೆ. ಜನವರಿ ನಾಲ್ಕಕ್ಕೆ ಬೆಳಿಗ್ಗೆ ನಾನು ಆಚೆ ಕಡೆ ತೆಂಗಿನಕಾಯಿ ಹೆರೆಯುತ್ತಿದ್ದೆ. ಅವಳು ಕೊಡುವುದಿಲ್ಲ ಎಂದದ್ದು ಕೇಳಿತು. ಕೂಗಿದ್ದು ಕೇಳಿತು. ನಾನು ಹೆರೆಯುವುದು ನಿಲ್ಲಿಸಲಿಲ್ಲ. ಕಾಯಿ ಮುಗಿದ ಮೇಲೂ ಬರೀ ಗೆರಟೆ, ಚಿಪ್ಪನ್ನೇ ಹೆರೆದೆ. ಕಪ್ಪು ಚೂರು ತೆಂಗಿನ ತುರಿಯಲ್ಲಿ ಬಿದ್ದದ್ದು ಈಗ ಕಣ್ಣಿಗೆ ಕಾಣುತ್ತಿದೆ.

ಇದನ್ನು ಒಂದು ತಿಂಗಳಿಂದ ಬರೆಯದೆ ಬಿಟ್ಟಿದ್ದೆ.

ಫೆಬ್ರವರಿ 8, ಶನಿವಾರ

ಊಟ ಸೇರಲಿಲ್ಲ. ರಾಮನಾಮ ನೂರೆಂಟು ಬರೆದೆ. ನಡುವೆ ಒಂದೆಡೆ ಲತೇಶ ಎಂದು ಬರೆದುಹೋಯಿತು. ಅಳಿಸಲಿಲ್ಲ.

ಫೆಬ್ರವರಿ 11, ಮಂಗಳವಾರ

ಹತ್ತು ಗಂಟೆಗೆ ಬಂದ. ಬಿಳಿ ಪಂಚೆ, ಹೊಸ ಅಂಗಿ, ತಲೆಗೆ ಎಣ್ಣೆ. ಮದುವೆಯ ದಿನವೂ ಇಷ್ಟು ಚಂದ ಕಾಣಿಸಿರಲಿಲ್ಲ ನನ್ನ ಮಗ. ನಾನು ಮೆಟ್ಟಿಲ ತುದಿಯ ಕಬ್ಬಿಣದ ಗೇಟಿನ ಒಳಗೆ ನಿಂತಿದ್ದೆ. ಬೀಗ ತೆಗೆದಿರಲಿಲ್ಲ.

"ಚೀಲ ಎಲ್ಲಿ ಅಮ್ಮ? ಕೊಡು, ಗಾಡಿಗೆ ಹಾಕ್ತೇನೆ."

"ನಿಲ್ಲು ಮಗ. ಒಂದು ಕೇಳ್ತೇನೆ. ನೀನು ದೈವದ ಮಣೆ ಮುಟ್ಟಿ ಮೊದಲೊಮ್ಮೆ ಮಾತು ಕೊಟ್ಟಿದ್ದೀಯಾ?"

ಅವನು ನನ್ನ ಹಿಂದೆ ಕೋಣೆಯ ಕಡೆ ನೋಡಿದ. "ಹೇಳಿಕೊಟ್ಟಳಾ?"

"ಹೌದಾ ಅಲ್ಲವಾ ಹೇಳು."

"ಅದು ಕೋಣೆಯೊಳಗೆ, ಅವಳ ಹತ್ರ ಹೇಳಿದ್ದು. ನಾಳೆ ಊರಿನ ಎದುರು ಹೇಳುವುದು. ಬೇರೆಯೇ ಅಲ್ಲವಾ?"

"ಒಳಗೆ ಹೇಳಿದ್ದು ಜುಮಾದಿಗೆ ಕೇಳುವುದಿಲ್ಲವಾ? ನಾವು ಒಂದು ಗೋಡೆಯ ಆಚೆ ಇದ್ದು ಕೇಳದ ಹಾಗೆ ಮಾಡಬಹುದು, ದೈವಕ್ಕೆ ಆಗ್ತದಾ?"

ಅವನು ಗೇಟು ಹಿಡಿದ. ಬೆರಳ ಗಂಟು ಬಿಳಿಯಾಯಿತು. "ನೀನು ಯಾರ ಅಮ್ಮ? ಬ್ಯಾರಿಗಳ ಮನೆಯಲ್ಲಿ ತಂದು ಕೂರಿಸಿದ್ದೀ. ಪೇಟೆಯಲ್ಲಿ ಮುಖ ಎತ್ತುವ ಹಾಗಿಲ್ಲ ನನಗೆ."

ಕೆಳಗಿನ ಮೆಟ್ಟಿಲಿನಿಂದ ಆಯಿಶಮ್ಮನ ಮಾತು ಬಂತು. ಯಾವಾಗ ಬಂದು ಕೂತರೋ, ಮಡಿಲಲ್ಲಿ ಬೆಳ್ಳುಳ್ಳಿ. "ಎತ್ತಬೇಡ ಮಗ. ತಗ್ಗಿಸಿಕೊಂಡೇ ಇಳಿ, ಮೆಟ್ಟಿಲು ಸರಿ ಕಾಣ್ತದೆ."

"ನೀವು ನಡುವೆ ಬರಬೇಡಿ!"

"ನಾನು ಎಲ್ಲಿ ಬಂದೆ? ನನ್ನ ಮೆಟ್ಟಿಲಲ್ಲಿ ಕೂತಿದ್ದೇನೆ."

ಅವನು ಗೇಟು ಅಲ್ಲಾಡಿಸಿದ. ಒಳಗೆ ದೀಕ್ಷಿತಾಳ ಕೈಯಿಂದ ಏನೋ ಬಿತ್ತು. ಆ ಶಬ್ದಕ್ಕೆ ನಾನು ಬೀಗದ ಮೇಲೆ ಕೈ ಇಟ್ಟು ಅಡ್ಡ ನಿಂತೆ. ತೆಗೆಯುತ್ತೇನೆಂದು ಅವನು ತಿಳಿದ.

"ನಾಳೆ ಪ್ರಮಾಣ ಮಾಡಬೇಡ ಮಗ" ಎಂದೆ. "ನಿನ್ನಿಂದ ಉಳಿಸಲಿಕ್ಕಾಗುವುದಿಲ್ಲ. ಊರಿನ ಎದುರು ಹೇಳಿ, ಮತ್ತೆ ಕೈ ಎತ್ತಿ, ಆ ಪಾಪ ನಿನ್ನ ತಲೆಗೆ ಬರುವುದನ್ನು ನಾನು ನೋಡಲಾರೆ. ನಿನಗೆ ಬೇಕಾದರೆ ನನ್ನ ಮೇಲೆ ಸಿಟ್ಟು ಮಾಡು. ಕಾಯಿ ಮುಟ್ಟಬೇಡ."

"ಅಂದರೆ ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ."

ಇದೆ ಎನ್ನಲು ಬಾಯಿ ತೆರೆದೆ. "ಇಲ್ಲ" ಎಂದು ಬಂತು.

ಅವನು ನನ್ನನ್ನೇ ನೋಡಿದ. ಸಣ್ಣವನಿರುವಾಗ ಚುಚ್ಚುಮದ್ದು ಕೊಡುವಾಗ ಹೀಗೇ ನೋಡುತ್ತಿದ್ದ, ನೀನೇ ಹಿಡಿದುಕೊಟ್ಟೆಯಾ ಎಂಬ ಹಾಗೆ.

"ಹಾಗಾದರೆ ನೀನೂ ಇನ್ನು ಆ ಮನೆಗೆ ಬರಬೇಡ" ಎಂದು ಇಳಿದು ಹೋದ. ಪಂಚೆಯ ತುದಿ ಗೇಟಿನ ಕೊಂಡಿಗೆ ಸಿಕ್ಕಿ ಹರಿಯಿತು. ಅವನು ನೋಡಲಿಲ್ಲ.

ಫೆಬ್ರವರಿ 12, ಬುಧವಾರ. ಸಂಕ್ರಮಣ

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಂಬಿಲಕ್ಕೆ ನಾನಿಲ್ಲ.

ಎಂಟು ಗಂಟೆಗೇ ಇವರ ಫೋನ್. ಸಿಟ್ಟಿನಲ್ಲಿ ಶುರುಮಾಡಿದರು, ಮತ್ತೆ ಕಂಚಿನ ತಟ್ಟೆ ಎಲ್ಲಿ ಎಂದು ಕೇಳಿದರು. ಅಟ್ಟದಲ್ಲಿ, ಹುಣಸೆಹುಳಿಯ ಭರಣಿಯ ಹಿಂದೆ ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್, ಅವಲಕ್ಕಿಗೆ ಬೆಲ್ಲ ಎಷ್ಟು. ಮತ್ತೆ ಫೋನ್, ಬತ್ತಿ ಎಷ್ಟು. ಎಲೆಯ ತುದಿ ಯಾವ ಕಡೆಗೆ ಎಂಬುದು ಅವರಿಗೆ ಈ ವಯಸ್ಸಿನಲ್ಲಿ ನನ್ನಿಂದ ಗೊತ್ತಾಯಿತು.

ಹನ್ನೊಂದೂವರೆಗೆ ಇನ್ನೊಮ್ಮೆ ಬಂತು. ಈಗ ಉಪ್ಪೋ ನೀರೋ ಎಂದು ಎತ್ತಿದೆ. ಹಿಂದೆ ಜನರ ಗುಜುಗುಜು ಕೇಳುತ್ತಿತ್ತು.

"ಏನಾಯಿತು?"

"ಅವ ಕಾಯಿ ಹಿಡಿದು ನಿಂತ. ಎಲ್ಲರೂ ಕಾಯ್ತಾ ಇದ್ದರು. ನಾನೂ ಹೇಳು ಹೇಳು ಅಂದೆ. ಬಾಯಿ ಬರಲಿಲ್ಲ ಅವನಿಗೆ. ಕಾಯಿ ಕೆಳಗೆ ಇಟ್ಟು, ನನ್ನಿಂದ ಆಗುವುದಿಲ್ಲ ಅಂತ ಹೊರಗೆ ಹೋದ. ಕುಟುಂಬದ ಎದುರು ಮರ್ಯಾದೆ ಹೋಯಿತು ಸರಸ."

ಇವರು ನನ್ನನ್ನು ಹೆಸರು ಹಿಡಿದು ಕರೆದು ಎಷ್ಟು ವರ್ಷವಾಯಿತೋ. ಅದಕ್ಕೂ ಅಳು ಬಂತು, ಇದಕ್ಕೂ ಬಂತು.

"ಅವನಿಗೆ ಊಟ ಹಾಕಿ" ಎಂದೆ. "ಇವತ್ತು ನನ್ನ ಮಗ ದೈವದೆದುರು ಸತ್ಯ ಹೇಳಿದ್ದಾನೆ. ಹೊಟ್ಟೆ ತುಂಬ ಹಾಕಿ."

ಫೋನ್ ಇಟ್ಟುಬಿಟ್ಟರು.

ದೀಕ್ಷಿತಾ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಚೀಲ ಇನ್ನೂ ಗೋಡೆಯ ಬದಿಗೇ ಇತ್ತು, ಜಿಪ್ಪು ಹಾಕಿದ್ದು.

"ಹಾಗಾದರೆ ಮಾಮಿ, ನಾವು?"

ನಾನು ಕೆಳಗಿಳಿದೆ. ಆಯಿಶಮ್ಮ ಮೀನು ಕ್ಲೀನ್ ಮಾಡುತ್ತಿದ್ದರು. ಈ ವರ್ಷ ಪೂರ್ತಿ ಮನೆ ನಮಗೆ ಬೇಕು ಎಂದೆ. ಕತ್ತಿ ನಿಲ್ಲಿಸದೆ, "ಗಂಡಸರ ಹೆಸರು ಶೀನಪ್ಪ ಅಂತಲೇ ಇರಲಾ?" ಎಂದು ಕೇಳಿದರು.

"ಬೇಡ. ನನ್ನದು ಬರೆಯಿರಿ. ಕೆಳಗೆ ದೀಕ್ಷಿತಾಳದ್ದೂ ಬರೆಯಿರಿ."

"ಅವಳು ನಿಮಗೆ ಏನಾಗಬೇಕು ಅಂತ ಹಾಕುವುದು?"

ಮಗಳು ಎಂದೆ. ಮೇಲೆ ಬಂದು ಚೀಲದ ಜಿಪ್ಪು ತೆಗೆದೆ.